ಇಪ್ಪತ್ತರವರೆಗೂ ಎಣಿಸಮ್ಮ

ಓಡಾಡುವ ಮನೆಯಂಥ ವ್ಯಾನಿನಲ್ಲಿ ಊರೂರು ಸುತ್ತುತ್ತಲೇ ಆನ್‌ಲೈನಿನಲ್ಲಿ ಗಣಿತ ಹೇಳಿಕೊಡುವ ಅತ್ತೆ, ಹೊಸ ಜಾಗದಲ್ಲಿ ಇಳಿದೊಡನೆ ಮನೆಯಲ್ಲಿದ್ದ ಸೊಸೆಗೆ ವೀಡಿಯೊ ಕರೆ ಮಾಡುತ್ತಿದ್ದರು. “ಇಪ್ಪತ್ತರವರೆಗೂ ಎಣಿಸಮ್ಮ.” ನಡುವೆ ಒಂದಂಕಿ ಕೇಳಿಸದಿದ್ದರೂ ಸಿಗ್ನಲ್ ಸಾಲದೆಂದು ಆ ಜಾಗ ನಪಾಸು.

ಆ ದಿನ ವ್ಯಾನುಗಳ ಕ್ಯಾಂಪಿದ್ದ ಕೆರೆಯ ದಂಡೆಯಲ್ಲಿ ಸೊಸೆಯ ಎಣಿಕೆ ಏಳಕ್ಕೇ ಕಡಿದುಹೋಯಿತು. ಫೋನು ಎತ್ತಿ ಹಿಡಿದು ಬಯಲೆಲ್ಲ ಜಾಲಾಡಿದ ಅತ್ತೆಗೆ ಇಪ್ಪತ್ತೂ ಕೇಳಿಸಿದ್ದು ಕಸದ ತೊಟ್ಟಿಯ ಪಕ್ಕ ಮಾತ್ರ.

“ಕಸ ನೋಡೋಕೆ ಇಷ್ಟು ದೂರ ಬಂದ್ವೇನೇ?” ಮಾವ ರೇಗಿದರು.

“ಕೆರೆ ಎಲ್ಲೂ ಓಡಿಹೋಗಲ್ಲ ಕಣ್ರೀ. ನಾಳೆ ನನ್ನ ಹುಡುಗರಿಗೆ ಪರೀಕ್ಷೆ.”

ಮಾವ ಮುಖ ಊದಿಸಿಕೊಂಡು, ಕುರ್ಚಿ ಹೊತ್ತು ಕೆರೆಗೆ ಹೋದರು. ಅತ್ತೆ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಎರಡು ಗಂಟೆ ಪಾಠ ಮಾಡಿದರು. ಆಮೇಲೆ ಅದನ್ನು ಕೇಳಿದ ಸೊಸೆ ಮನಸ್ಸಿನಲ್ಲೇ ಕೈಮುಗಿದಳು.

ಸಂಜೆ ಮತ್ತೆ ಕರೆ ಬಂದಾಗ, ಕ್ಯಾಂಪಿನ ಒಂಬತ್ತೂ ವ್ಯಾನುಗಳು ತೊಟ್ಟಿಯ ಸುತ್ತಲೇ ನಿಂತಿದ್ದವು. ಎಲ್ಲರಿಗಿಂತ ಹತ್ತಿರ ಕುರ್ಚಿ ಹಾಕಿಕೊಂಡು ಮಾವ ಫೋನಿನಲ್ಲಿ ಕ್ರಿಕೆಟ್ ನೋಡುತ್ತಿದ್ದರು.