ದೊಡ್ಡತ್ತೆಯ ಮನೆಯ ಹೊನ್ನೆ ತೊಲೆಗಳು

ಅಟ್ಟ ಮುರಿದು ಬಿದ್ದದ್ದು ಹಾಡಹಗಲಲ್ಲಿ. ನಾನು ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದೆ. ಒಳಗಿಂದ ಮೊದಲು ಲಟಕ್ಕೆಂದು ಒಂದು ಸದ್ದು, ಅದರ ಹಿಂದೆಯೇ ಬಂಡೆ ಉರುಳಿದಂತೆ ಗುಡುಗುಡು. ಓಡಿ ಬಂದೆ. ನಡುಮನೆಯ ತುಂಬ ತೆಂಗಿನಕಾಯಿ, ಧೂಳು, ಮುರಿದ ಹಲಗೆ. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಮೊರ ಹಿಡಿದುಕೊಂಡು ನಿಂತಿದ್ದರು. ರಾಗಿ ಕೇರುತ್ತಿದ್ದವರು ನೀರು ಕುಡಿಯಲೆಂದು ಆಗತಾನೆ ಎದ್ದು ಹೋಗಿದ್ದರಂತೆ. ಅವರಿಗೆ ಏನೂ ಆಗಿರಲಿಲ್ಲ.

ನಮ್ಮೂರು ದಂಡಿನಶಿವರದಿಂದ ಎರಡು ಮೈಲಿ. ಕೊಬ್ಬರಿಗೆಂದು ಏರಿಸಿದ ಕಾಯಿ ಹೆಚ್ಚುಕಡಿಮೆ ಒಂದು ವರ್ಷ ಅಟ್ಟದ ಮೇಲೇ ಇರಬೇಕು. ಒಳಗಿನ ನೀರು ಬತ್ತಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲುಗಿಸಿದರೆ ಲೊಡಲೊಡ ಎನ್ನಬೇಕು. ಅಷ್ಟು ಭಾರವನ್ನು ನಮ್ಮ ಮನೆಯಲ್ಲಿ ಹೊತ್ತಿದ್ದದ್ದು ತೆಂಗಿನ ಮರ ಸೀಳಿ ಮಾಡಿದ ಮೂರು ತೊಲೆ. ಮಾವ ಬದುಕಿದ್ದಾಗ ಹಾಕಿಸಿದ್ದವು. ಮುರಿದ ತುದಿಯನ್ನು ಉಗುರಿನಿಂದ ಕೆರೆದರೆ ಗೆದ್ದಲು ತಿಂದ ಪುಡಿ ಹಿಟ್ಟಿನಂತೆ ಉದುರಿತು.

ನನ್ನ ಗಂಡನಿಗೆ ತಿಪಟೂರಿನ ಮಂಡಿಯೊಂದರಲ್ಲಿ ಕೊಬ್ಬರಿ ತೂಗುವ ಕೆಲಸ. ಶನಿವಾರ ಸಂಜೆ ಬಸ್ಸಿಗೆ ಬಂದು ಸೋಮವಾರ ಬೆಳಿಗ್ಗೆ ಹೋಗುತ್ತಿದ್ದರು. ಆ ವಾರ ಬಂದವರು ಬಿದ್ದ ಅಟ್ಟ ನೋಡಿ, ಊರಿನ ಬಡಗಿ ಆಚಾರಿಯನ್ನು ಕರೆಸಿದರು. ಆಚಾರಿ ಉಳಿದ ಎರಡು ತೊಲೆಗೂ ಬಾಚಿಯ ಹಿಂಬದಿಯಿಂದ ತಟ್ಟಿದ. "ಇವೂ ಹೋದ್ವು ಕಣಪ್ಪ. ಸಾಮಿಲ್ನಾಗೆ ಈಗ ಸಿಗೋದು ಹಸಿ ನೀಲಗಿರಿ. ಹಾಕಿದ್ ವರ್ಷಕ್ಕೆ ತಿರುಚ್ಕತ್ತದೆ. ಅಟ್ಟ ಹೊರಬೇಕು ಅಂದ್ರೆ ಹಳೇ ಮರನೇ ಬೇಕು."

ಹಳೇ ಮರ ಎಲ್ಲಿತ್ತೆಂದು ನಮಗೆಲ್ಲ ಗೊತ್ತಿತ್ತು. ಗೋಡೆಯ ಆಚೆಗೇ ಇತ್ತು.

ನಮ್ಮದು ಎರಡು ಪಾಲಾದ ಮನೆ. ಮಾವ ಮತ್ತು ಅವರಣ್ಣ ಬೇರೆಯಾದಾಗ ನಡುವೆ ಒಂದು ಮಣ್ಣಿನ ಗೋಡೆ ಎದ್ದಿತ್ತು. ಹೊನ್ನೆ ತೊಲೆಗಳ ಹಳೆಯ ಅಟ್ಟ ಅಣ್ಣನ ಪಾಲಿಗೆ ಬಂತು. ಆ ಅಣ್ಣನ ಹೆಂಡತಿಯನ್ನು ನಾನು ದೊಡ್ಡತ್ತೆ ಎನ್ನುತ್ತಿದ್ದೆ. ಗೋಡೆ ತಮ್ಮ ಕಡೆಗೆ ಒತ್ತಿ ಕಟ್ಟಿದ್ದಾರೆ ಎಂದು ದೊಡ್ಡತ್ತೆ, ಸರಿಯಾಗಿ ನಡುವೆಯೇ ಇದೆ ಎಂದು ನಮ್ಮತ್ತೆ. ಈ ಮಾತಿನ ಮೇಲೆ ಓರಗಿತ್ತಿಯರಿಬ್ಬರೂ ಹದಿನೈದು ವರ್ಷದಿಂದ ಮಾತು ಬಿಟ್ಟಿದ್ದರು. ಗಂಡಂದಿರಿಬ್ಬರೂ ತೀರಿಕೊಂಡ ಮೇಲೂ ಮಾತಿರಲಿಲ್ಲ. ಈಗ ದೊಡ್ಡತ್ತೆಯ ಮಗ ತಮ್ಮ ಪಾಲನ್ನು ಕೆಡವಿ ಕಾಂಕ್ರೀಟಿನ ಮೋಲ್ಡ್ ಮನೆ ಕಟ್ಟಲು ಹೊರಟಿದ್ದರು. ಹಳೆಯ ಮರವನ್ನೆಲ್ಲ ತುರುವೇಕೆರೆ ಕಡೆಯ ಇಟ್ಟಿಗೆ ಭಟ್ಟಿಯವನಿಗೆ ಸೌದೆಗೆಂದು ಕೊಡುವ ಮಾತಾಗಿತ್ತು.

"ಅವ್ರನ್ನ ಕೇಳೋಣ" ಎಂದೆ.

"ಅವ್ರ ಮನೆ ಒಂದು ಕಡ್ಡಿನೂ ಈ ಮನೆಗೆ ಬ್ಯಾಡ" ಎಂದರು ಅತ್ತೆ.

ಗಂಡ ನನ್ನ ಮುಖ ನೋಡಿದರು, ತಾಯಿಯ ಮುಖ ನೋಡಿದರು, ಎದ್ದು ಕೊಟ್ಟಿಗೆಗೆ ಹೋದರು. ಅವರ ಕೈಯಲ್ಲಿ ಇದು ಆಗುವುದಿಲ್ಲ ಎಂದು ನನಗೆ ಆಗಲೇ ತಿಳಿಯಿತು. ಸೋಮವಾರ ಅವರು ಬಸ್ಸು ಹತ್ತಿದ ಮೇಲೆ ನಾನೇ ದೊಡ್ಡತ್ತೆಯ ಬಾಗಿಲಿಗೆ ಹೋದೆ.

ದೊಡ್ಡತ್ತೆ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ಕೂರು ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ನಾನು ನಿಂತೇ ಹೇಳಿದೆ.

"ಕೊಡಾಕೇನು, ಕೊಡ್ತೀನಿ. ನಿಮ್ಮತ್ತೆ ಬಂದು ಕೇಳ್ಲಿ."

"ಅವ್ರು ಬರಲ್ಲ, ದೊಡ್ಡತ್ತೆ."

"ಹಂಗಾದ್ರೆ ಭಟ್ಟಿಗೆ ಹೋಯ್ತವೆ, ಬುಡು."

ಹೊರಡಬೇಕೆಂದು ತಿರುಗಿದಾಗ ಅಂಗಳದ ಮೂಲೆ ಕಣ್ಣಿಗೆ ಬಿತ್ತು. ಹಿಂದಿನ ದಿನ ಕೂಲಿಯವರು ಹೆಂಚು ಇಳಿಸಲು ಶುರುಮಾಡಿದ್ದರು. ಇಳಿಸಿದ್ದರಲ್ಲಿ ಅರ್ಧ ಒಡೆದು ಚೂರಾಗಿ ಬಿದ್ದಿತ್ತು. ನನ್ನ ಅಪ್ಪ ಚಿಕ್ಕನಾಯಕನಹಳ್ಳಿಯಲ್ಲಿ ಹೆಂಚು ಹೊದಿಸುವ ಕೆಲಸ ಮಾಡುತ್ತಿದ್ದವರು. ಮದುವೆಗೆ ಮುಂಚೆ ನಾನು ಅವರ ಜೊತೆ ಸೂರು ಹತ್ತಿ ಬೆಳೆದವಳು. ಈ ಊರಿಗೆ ಬಂದ ಮೇಲೆ ಆ ಮಾತನ್ನು ಯಾರಲ್ಲೂ ಎತ್ತಿರಲಿಲ್ಲ, ಯಾಕೆಂದರೆ ಅತ್ತೆಗೆ ಅದು ಹೇಳಿಕೊಳ್ಳುವಂಥ ವಿಷಯ ಅನ್ನಿಸಿರಲಿಲ್ಲ.

"ಕೇಳೋದೂ ಬ್ಯಾಡ, ಕೊಡೋದೂ ಬ್ಯಾಡ" ಎಂದೆ. "ನಿಮ್ಮ ಹೆಂಚು ನಾನು ಇಳಿಸ್ಕೊಡ್ತೀನಿ, ಒಂದೂ ಒಡೀದಂಗೆ. ಕೂಲಿ ಕೊಡ್ಬ್ಯಾಡಿ. ಕೂಲಿ ಬದ್ಲು ಮೂರು ತೊಲೆ."

ದೊಡ್ಡತ್ತೆಯ ಮಗ ಒಳಗಿಂದ ಹೊರಗೆ ಬಂದರು. ಅವರಿಗೆ ಅದೇ ಹೆಂಚನ್ನು ಹೊಸ ಕೊಟ್ಟಿಗೆಗೆ ಹೊದಿಸಬೇಕಿತ್ತು. "ನೀನು ಹತ್ತೀಯೇನಮ್ಮ?" ಎಂದರು. ಸೆರಗು ಸಿಕ್ಕಿಸಿ, ಸೀರೆಯನ್ನು ಕಚ್ಚೆ ಕಟ್ಟಿ, "ಏಣಿ ತರ್ಸಿ" ಅಂದೆ.

ಆರು ದಿನ ಹಿಡಿಯಿತು. ಬೆಳಿಗ್ಗೆ ಹಸುವಿನ ಕೆಲಸ, ಅಡುಗೆ ಮುಗಿಸಿ ಹತ್ತುತ್ತಿದ್ದೆ. ಮೇಲಿನ ಸಾಲಿನಿಂದ ಒಂದೊಂದೇ ಹೆಂಚು ಎತ್ತಿ, ಪಾಚಿ ಉಜ್ಜಿ, ಏಣಿಯ ಮೇಲೆ ನಿಂತ ಆಳಿನ ಕೈಗೆ ಕೊಡುವುದು. ಬೀದಿಯಲ್ಲಿ ಹೋಗುವವರು ನಿಂತು ತಲೆಯೆತ್ತಿ ನೋಡಿ ಹೋಗುತ್ತಿದ್ದರು. ಮನೆಯ ಸೊಸೆ ಸೂರಿನ ಮೇಲೆ ಕೂತಿದ್ದಾಳೆ ಎಂಬ ಸುದ್ದಿ ನೀರು ಸೇದುವ ಬಾವಿಯವರೆಗೂ ಹೋಯಿತು. ಅತ್ತೆ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ನನ್ನ ಅಂಗೈಯಲ್ಲಿ ಬೊಬ್ಬೆ ಎದ್ದಿತು. ಬಟ್ಟೆ ಸುತ್ತಿಕೊಂಡೆ. ಒಪ್ಪಿಕೊಂಡ ಕೆಲಸ, ಮುಗಿಸದೆ ಇಳಿಯುವ ಮಾತಿರಲಿಲ್ಲ.

ಮೂರನೆಯ ದಿನ ಉಣ್ಣಲು ಕೂತಾಗ ಅತ್ತೆ ಗೋಡೆಗೆ ಹೇಳುವಂತೆ ಹೇಳಿದರು: "ಬಾಗಿಲ ಕಡೇದು ತಗೋಬ್ಯಾಡ. ಅದು ಬೇವು, ಒಳಗೆ ಪೊಳ್ಳು. ಒಲೆ ಮೇಲಿನ ಮೂರು ಹೊನ್ನೆ. ಹೊಗೆ ಕುಡಿದು ಕಬ್ಬಿಣ ಆಗ್ಯವೆ."

ಅವರು ಮದುವೆಯಾಗಿ ಬಂದಾಗ ಮನೆ ಒಂದೇ ಆಗಿತ್ತಲ್ಲ. ಆ ಒಲೆಯ ಮುಂದೆ ಅವರೂ ಓರಗಿತ್ತಿಯೂ ಎಷ್ಟೋ ವರ್ಷ ಜೊತೆಗೆ ಕೂತು ರೊಟ್ಟಿ ತಟ್ಟಿದ್ದರು. ನಾನು ಸಾರು ಬಡಿಸಿದೆ. ಮಾರನೆಯ ದಿನ ಆಚಾರಿ ಬಾಗಿಲ ಕಡೆಯ ತೊಲೆಗೆ ತಟ್ಟಿದಾಗ ಸದ್ದು ಡೊಳ್ಳಿನಂತೆ ಬಂತು. ಒಲೆಯ ಮೇಲಿನವು ಮಸಿಗಪ್ಪಾಗಿದ್ದವು. ಅವನ್ನು ಬಾಚಿಯಿಂದ ಒಂದು ಎಳೆ ಕೆತ್ತಿದರೆ ಒಳಗೆ ಜೇನಿನ ಬಣ್ಣದ ಮರ, ಹುಳದ ಒಂದು ತೂತೂ ಇಲ್ಲ.

ಆರು ಜನ ಸೇರಿ ಮೂರು ತೊಲೆಯನ್ನೂ ನಮ್ಮ ಅಂಗಳಕ್ಕೆ ಹೊತ್ತು ತಂದರು. ಅಂದು ಭಾನುವಾರ, ನನ್ನ ಗಂಡನೂ ಹೆಗಲು ಕೊಟ್ಟರು. ಆಚಾರಿ ಅಳತೆ ಕೋಲು ಹಿಡಿದು ನಮ್ಮ ನಡುಮನೆ ಅಳೆದ, ಹೊರಗೆ ಬಂದು ತೊಲೆ ಅಳೆದ. ಮತ್ತೆ ಒಳಗೆ ಹೋಗಿ ಅಳೆದ.

"ಒಂದೂವರೆ ಮೊಳ ಕಮ್ಮಿ ಬತ್ತದೆ" ಎಂದ.

ಗೋಡೆ ಎದ್ದಾಗ ಆ ತೊಲೆಗಳನ್ನು ದೊಡ್ಡತ್ತೆಯ ಪಾಲಿನ ಅಗಲಕ್ಕೇ ಕೊಯ್ದು ಕೂರಿಸಿದ್ದರು. ಎರಡು ಪಾಲೂ ಸಮನಾಗಿದ್ದಿದ್ದರೆ ಆ ಮನೆಯ ತೊಲೆ ಈ ಮನೆಗೆ ಸರಿಯಾಗಿ ಕೂರಬೇಕಿತ್ತು. ದೊಡ್ಡತ್ತೆ ತಮ್ಮ ಬಯಲಾದ ಮನೆಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಹದಿನೈದು ವರ್ಷದ ಮಾತು ಅವರದೇ ನಿಜವಾಗಿತ್ತು. ಆದರೂ ಅವರು ಅದನ್ನು ಎತ್ತಿ ಆಡದೆ, ಬಗ್ಗಿ ಹೆಂಚಿನ ಚೂರು ಗುಡಿಸತೊಡಗಿದರು. ಅತ್ತೆ ಒಳಗೆ ಹೋಗಿ ಬಾಗಿಲು ಮುಂದಕ್ಕೆ ಮಾಡಿಕೊಂಡರು.

ಕಂಬ ಕೊಟ್ಟು ನಿಲ್ಲಿಸಬಹುದು, ಇಲ್ಲವೇ ತುಂಡು ಮರ ಜೋಡಿಸಬಹುದು ಎಂದು ಆಚಾರಿ ಹೇಳಿದ. ಜೋಡಿಸಿದ ಮರ ಕಾಯಿಯ ಭಾರ ಹೊರುತ್ತದೆಯೇ ಎಂದು ಕೇಳಿದೆ. ತಲೆ ಕೆರೆದುಕೊಂಡ. ಇಷ್ಟು ದೂರ ಬಂದು ಮತ್ತೆ ಅನುಮಾನದ ಅಟ್ಟ ಕಟ್ಟುವುದು ನನಗೆ ಬೇಕಿರಲಿಲ್ಲ. ಆದರೆ ನನ್ನ ತಲೆಯಲ್ಲಿದ್ದ ದಾರಿಯನ್ನು ಹೇಳಬೇಕಾದವಳು ನಾನಲ್ಲ. ಗೋಡೆ ನನ್ನದಲ್ಲ, ಜಗಳವೂ ನನ್ನದಲ್ಲ. ಆಚಾರಿಯನ್ನು ನಾಳೆ ಬಾ ಎಂದು ಕಳಿಸಿದೆ.

ಬೆಳಿಗ್ಗೆ ಅತ್ತೆ ಸ್ನಾನ ಮಾಡಿ, ವಿಭೂತಿ ಇಟ್ಟುಕೊಂಡು ಅಂಗಳಕ್ಕೆ ಬಂದರು. ಆಚಾರಿಯನ್ನು ನೋಡಿ, "ತೊಲೆ ಕೊಯ್ಬ್ಯಾಡ, ಜೋಡಿಸ್ಬ್ಯಾಡ. ಗೋಡೆ ಕಿತ್ತು ಈಕಡೆ ತತ್ತಾ" ಎಂದರು. ಗೋಡೆ ಮೊದಲು ತಪ್ಪಾಗಿತ್ತೆಂದು ಅಂದೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.

ಗೋಡೆಯನ್ನು ಸರಿಯಾದ ನಡುವಿಗೆ ತಂದರೆ ನಮ್ಮ ನಡುಮನೆ ಮುಕ್ಕಾಲು ಮೊಳ ಕಿರಿದಾಗಿ ಕೊರತೆ ಅರ್ಧಕ್ಕಿಳಿಯುತ್ತಿತ್ತು. ಉಳಿದ ಮುಕ್ಕಾಲಿಗೆ ಎರಡೂ ಬದಿಯ ಗೋಡೆಯಿಂದ ಚಪ್ಪಡಿ ಕಲ್ಲು ಚಾಚಿ, ಅದರ ಮೇಲೆ ತೊಲೆ ಕೂರಿಸುವುದೆಂದು ಆಚಾರಿ ಲೆಕ್ಕ ಹಾಕಿದ. ನಡು ಗುರುತು ಮಾಡಲು ಹುರಿ ಎಳೆಯಬೇಕಿತ್ತು. ಒಂದು ತುದಿಯನ್ನು ಅತ್ತೆ ಹಿಡಿದರು. ಇನ್ನೊಂದನ್ನು ಹಿಡಿಯಲು ನಾನು ಹೋಗುವಷ್ಟರಲ್ಲಿ ದೊಡ್ಡತ್ತೆ ಬಗ್ಗಿ ಎತ್ತಿಕೊಂಡಿದ್ದರು.

ಆಚಾರಿ ಇಬ್ಬರ ನಡುವೆ ಬಗ್ಗಿ ಸುಣ್ಣ ಹಾಕುತ್ತಿದ್ದ.

"ಸಡಿಲ ಬುಟ್ಟಿದೀಯ, ಎಳಿ" ಎಂದರು ದೊಡ್ಡತ್ತೆ.

"ಎಳ್ದೇ ಇದೀನಿ. ನೀನು ಕೈ ಕೆಳಗಿಡು" ಎಂದರು ಅತ್ತೆ.

ಅವತ್ತು ಆಡಿದ್ದು ಅಷ್ಟೇ. ಆದರೆ ಹೊಸ ಗೋಡೆಗೆ ಮಣ್ಣು ಎಲ್ಲಿಂದ ತರುವುದೆಂದು ನಾನು ಯೋಚಿಸುತ್ತಿದ್ದಾಗ ದೊಡ್ಡತ್ತೆಯ ಮಗ ಬಂದು, ತಮ್ಮ ಮನೆಯ ಕೆಡವಿದ ಗೋಡೆಗಳ ಮಣ್ಣು ಬೇಕಾದಷ್ಟಿದೆ, ಅವ್ವ ತಗೊಂಡು ಹೋಗಲು ಹೇಳಿದಳು ಎಂದರು. ಆ ಮಣ್ಣನ್ನು ನೆನೆಹಾಕಿ, ಹುಲ್ಲು ಬೆರೆಸಿ, ನಾನೂ ಅತ್ತೆಯೂ ತುಳಿದೆವು. ಹದ ಬರುವವರೆಗೂ ತುಳಿದೆವು. ಗೋಡೆ ಒಣಗಲು ಒಂದು ತಿಂಗಳು ಕಾದೆವು. ತೊಲೆಗಳ ತುದಿಗೆ ಟಾರು ಬಳಿದು, ಕಲ್ಲಿನ ಮೇಲೆ ಕೂರಿಸಿ, ಹಲಗೆ ಹೊಡೆದದ್ದಾಯಿತು.

ಮೊದಲ ಸಲ ಕಾಯಿ ಏರಿಸಿದ ದಿನ ನಾನೇ ಅಟ್ಟದ ಮೇಲೆ ನಿಂತು ಬುಟ್ಟಿ ತೆಗೆದುಕೊಂಡೆ. ಪ್ರತಿ ಬುಟ್ಟಿ ಸುರಿದಾಗಲೂ ಕಿವಿ ಕೆಳಗಿತ್ತು. ಹಿಂದೆ ಅರ್ಧ ತುಂಬುವಷ್ಟರಲ್ಲೇ ಕಿರುಗುಟ್ಟುತ್ತಿದ್ದ ಅಟ್ಟ ಈಗ ತುಂಬಿದರೂ ಸದ್ದು ಮಾಡಲಿಲ್ಲ. ಸಂಜೆ ಗಂಡ ಕೆಳಗಿಂದ ನೋಡಿ, "ಇನ್ನೊಂದು ಗಾಡಿ ಬೇಕಾದ್ರೂ ತಡೀತದೆ" ಎಂದರು.

ಅದು ಎಂಬತ್ತರ ದಶಕದ ಮೊದಲ ವರ್ಷಗಳು. ಸುತ್ತಲ ಊರುಗಳಲ್ಲಿ ಒಬ್ಬೊಬ್ಬರೇ ಹಳೆಯ ಮನೆ ಕೆಡವಿ ಮೋಲ್ಡ್ ಹಾಕಿಸತೊಡಗಿದ್ದರು. ಹೆಂಚು ಒಡೆಯದಂತೆ ಇಳಿಸುವವಳು ಒಬ್ಬಳಿದ್ದಾಳೆ ಎಂದು ಕೇಳಿಕೊಂಡು ಮೊದಲು ನಮ್ಮೂರಿನವರು ಬಂದರು, ಆಮೇಲೆ ನೊಣವಿನಕೆರೆ ಕಡೆಯಿಂದಲೂ ಬಂದರು. ನನಗಿಂತ ಮೊದಲು ಅತ್ತೆಯೇ ಮಾತಿಗೆ ಕೂರುತ್ತಿದ್ದರು. "ನಮ್ಮ ಹುಡುಗಿ ಬತ್ತಾಳೆ. ಕೂಲಿ ಬ್ಯಾಡ. ಮರ ನಾವು ನೋಡಿ ಆರಿಸ್ಕತ್ತೀವಿ." ನಾನು ಸೂರಿನ ಮೇಲಿದ್ದರೆ ಅವರು ಕೆಳಗೆ ಒನಕೆ ಹಿಡಿದು ಒಂದೊಂದೇ ತೊಲೆಗೆ ತಟ್ಟುತ್ತಾ, ಕಿವಿಗೊಡುತ್ತಾ ಓಡಾಡುತ್ತಿದ್ದರು. ಹೀಗೆ ಬಂದ ಮರದಲ್ಲೇ ನಾಲ್ಕು ವರ್ಷದೊಳಗೆ ಕೊಟ್ಟಿಗೆಯಾಯಿತು, ಮುಂದಿನ ಜಗಲಿಗೆ ಮಾಡು ಬಂತು, ಅಡುಗೆಮನೆಗೆ ಒಂದು ಕಿಟಕಿ ಕೂತಿತು.