ಯಾಜಕನ ನಿಲುವಂಗಿ

ದುಬೈಯ ಇಗರ್ಜಿಯ ಅಂಗಳದಲ್ಲಿ ಶುಭ ಶುಕ್ರವಾರದ ಕನ್ನಡ ನಾಟಕದ ತಾಲೀಮು. ನೆರಳು ಸಿಕ್ಕಿತೆಂದು ನಾನೂ ಕುಳಿತೆ. ಯೇಸುವನ್ನು ಹಿಡಿದುಕೊಟ್ಟ ಯೂದ ಪಶ್ಚಾತ್ತಾಪದಿಂದ ಅಳುತ್ತ ಮಹಾಯಾಜಕನ ಬಳಿ ಬರುತ್ತಾನೆ. ಯಾಜಕ ಅವನನ್ನು ಗದರಿಸಿ ಅಟ್ಟಬೇಕು. ಯಾಜಕನ ಪಾತ್ರದಲ್ಲಿದ್ದ, ಕರಾಮ ಬಡಾವಣೆಯ ಟೈಲರ್ ವಿನ್ಸೆಂಟ್, ತಾನೇ ಹೊಲಿದ ನಿಲುವಂಗಿಯಲ್ಲಿ, ಮೂರು ಸಲವೂ ತಡವರಿಸಿದ.

“ನನ್ನಿಂದ ಆಗುವುದಿಲ್ಲ ಫಾದರ್. ಅಳ್ತಾ ಬಂದವನನ್ನು ಓಡಿಸುವುದು ಹೇಗೆ? ಯಾಜಕರು ಆವತ್ತು ಕೂತ್ಕೋ ಅಂದಿದ್ದರೆ, ಪಾಪ, ಅವ ನೇಣು ಹಾಕಿಕೊಳ್ತಿರಲಿಲ್ಲ.”

ತಾಲೀಮು ಮಾಡಿಸುತ್ತಿದ್ದ ಪಾದ್ರಿಗೆ ಸಿಟ್ಟು ಬಂತು. “ನಿಲುವಂಗಿ ಇಲ್ಲಿ ಕೊಡು, ನಾನೇ ಹೇಳ್ತೇನೆ.”

ತೊಟ್ಟು ನಿಂತರು. ಯೂದನ ಪಾತ್ರದವನು ಕಣ್ಣೊರೆಸಿಕೊಳ್ಳುತ್ತ ಎದುರು ಬಂದ. ಗದರಿಸಲೆಂದು ಪಾದ್ರಿ ಎತ್ತಿದ ಕೈ ಅವನ ಹೆಗಲ ಮೇಲೆ ಇಳಿಯಿತು.

“ಖಲಾಸ್, ಸಾಕು,” ಅಂದರು. “ಮೊದಲು ಚಾ ಕುಡಿಯುವ. ನೀನು ಕೂತ್ಕೋ ಮಾರಾಯ.”