ಮೂರನೆಯ ಮೃಗದ ಕತ್ತು

ನನ್ನ ಮಾವ ಅನ್ಸೆಲ್ಮ್ ಮೂವತ್ತೊಂದು ವರ್ಷ ನಮ್ಮೂರಿನ ಕೆಥೆಡ್ರಲ್ಲಿನ ಮಾಡಿನ ಮೇಲೆ ದುಡಿದವರು. ಪಾರಿವಾಳದ ಗೂಡು, ಕೊಳೆತ ಎಲೆ ತೆಗೆದು, ಮಳೆನೀರು ಗಾರ್ಗಾಯ್ಲ್‌ಗಳ ಬಾಯಿಗೆ ಸರಾಗವಾಗಿ ಹರಿಯುವಂತೆ ನೋಡಿಕೊಳ್ಳುತ್ತಿದ್ದರು. ಗೋಡೆಯಾಚೆ ಕತ್ತು ಚಾಚಿ ನೀರುಗುಳುವ ಆ ಕಲ್ಲಿನ ಮೃಗಗಳನ್ನು 'ನನ್ನ ದನಗಳು' ಎನ್ನುತ್ತಿದ್ದರು. ಕಣ್ಣಿಗೆ ಪೊರೆ ಬಂದು ಕೆಲಸ ಬಿಟ್ಟ ಮೇಲೆ ಆ ಕಡೆ ತಲೆ ಹಾಕಿರಲಿಲ್ಲ.

ಒಂದು ಶನಿವಾರ ನನ್ನ ಮಗಳು ಬ್ಲಾಂದೀನ್ ತಾತನ ದನಗಳನ್ನು ನೋಡಲೇಬೇಕೆಂದು ಹಟ ಹಿಡಿದಳು. ಎಲ್ಲರೂ ಹೋದೆವು. ಸಣ್ಣಗೆ ಮಳೆ. ಒಳಗೆ ಯಾರದೋ ಮದುವೆ. ಉತ್ತರದ ಬಾಗಿಲಲ್ಲಿ ವಧೂವರರು ಹೊರಬರುವುದನ್ನು ಕಾಯುತ್ತ ಜನ ಗೋಡೆಗೆ ಒತ್ತಿ ನಿಂತಿದ್ದರು.

ಮಾವ ಥಟ್ಟನೆ ನಿಂತು ಕಿವಿಗೊಟ್ಟರು. ಈ ಬಾಗಿಲ ಮೇಲಿನ ಮೂರನೆಯ ಮೃಗದ ನೀರು ಚಪ್ಪಡಿಯ ಮೇಲೆ ಬೀಳುವ ಸದ್ದಿಲ್ಲ ಎಂದರು.

"ಅಪ್ಪಾ, ಇಲ್ಲೂ ಶುರು ಮಾಡ್ಬೇಡ," ಎಂದಳು ನನ್ನ ಹೆಂಡತಿ ಒದೀಲ್. ಹಿಂದಿನ ಚಳಿಗಾಲದಲ್ಲಿ ಇಲ್ಲದ ಗ್ಯಾಸಿನ ವಾಸನೆಗೆ ಅವರು ಅಗ್ನಿಶಾಮಕ ದಳವನ್ನೇ ಕರೆಸಿದ್ದರು.

ಅವರು ಮೊಮ್ಮಗಳ ಕೈ ಹಿಡಿದು, ನೀರು ಎಲ್ಲಿಂದ ಬರುತ್ತಿದೆ ನೋಡಿ ಹೇಳು ಎಂದರು.

"ಬಾಯಿಂದ ಅಲ್ಲ ತಾತ. ಕತ್ತಿನ ಹಿಂದಿಂದ ಗೋಡೆ ಮೇಲೆ ಇಳೀತಿದೆ."

"ಹಾಗಾದ್ರೆ ಕತ್ತು ಬಿರುಕು ಬಿಟ್ಟಿದೆ, ಕಲ್ಲು ಬೀಳುತ್ತೆ," ಎಂದರು ಮಾವ. ಊರುಗೋಲು ಬೀಸುತ್ತ ಜನರನ್ನು ಅಲ್ಲಿಂದ ಚದುರಿಸತೊಡಗಿದರು. ವಧುವಿನ ಕಡೆಯವನೊಬ್ಬ ಅವರ ತೋಳು ಹಿಡಿದ. "ಏನ್ ಯಜಮಾನ್ರೇ, ಬೆಳಿಗ್ಗೇನೇ ಏರಿಸಿದ್ದೀರಾ?" ಮಾವ ತೋಳು ಕೊಡವಿಕೊಂಡು, ಬಾಗಿಲಿಗೆ ಬೆನ್ನು ಕೊಟ್ಟು ಒದ್ದೆ ಹೊಸ್ತಿಲ ಮೇಲೆ ಕೂತುಬಿಟ್ಟರು. ಒಳಗಿನಿಂದ ಚಿಲಕ ಹಾಕುವ ತನಕ ಏಳುವುದಿಲ್ಲವಂತೆ. ಜನ ಬೈಯುತ್ತ ದೂರ ಸರಿದರು. ಒದೀಲ್ ಅವಮಾನದಿಂದ ಕೆಂಪಾಗಿ ಅವರನ್ನು ಎಬ್ಬಿಸಲು ಎಳೆಯುತ್ತಿದ್ದಳು.

ನನಗೂ ನಂಬಿಕೆ ಇರಲಿಲ್ಲ. ಬೇಗ ಮುಗಿಯಲಿ ಎಂದು ಕಾವಲುಗಾರ ಫಿರ್ಮಾಂನನ್ನು ಹುಡುಕಿ, ಅವನ ಹಿಂದೆ ಸುರುಳಿ ಮೆಟ್ಟಿಲು ಹತ್ತಿದೆ. ಮೃಗದ ಕತ್ತಿನ ಹಿಂದೆ ಬೆರಳು ತೂರುವಷ್ಟು ಬಿರುಕು. ಫಿರ್ಮಾಂ ಅಂಗೈ ಇಟ್ಟ, ಅಷ್ಟೇ. ಕಲ್ಲು ಅಲುಗಿತು. ಅವನು ಬಿಸಿ ತಾಗಿದವನಂತೆ ಕೈ ತೆಗೆದ. ನಾನು ಬಗ್ಗಿ ನೋಡಿದೆ. ನೇರ ಕೆಳಗೆ ಮಾವನ ನರೆತ ತಲೆ, ಪಕ್ಕದಲ್ಲಿ ನನ್ನ ಹೆಂಡತಿ, ಮಗಳು.

"ಒದೀಲ್, ಮಗೂನ ಕರ್ಕೊಂಡು ದೂರ ಹೋಗು. ಅಪ್ಪ ಹೇಳಿದ್ದು ನಿಜ," ಎಂದು ಮೇಲಿಂದಲೇ ಕೂಗಿದೆ.

ಅವಳು ಮಗಳನ್ನು ಆಚೆ ತಳ್ಳಿದಳು, ತಾನು ಮಾತ್ರ ಕದಲಲಿಲ್ಲ. ಫಿರ್ಮಾಂ ಕೆಳಗೋಡಿ ಚಿಲಕ ಹಾಕಿದ ಸದ್ದು ಕೇಳಿದ ಮೇಲೆಯೇ ಮಾವ ಎದ್ದರು. ಒದೀಲ್‌ಳ ಭುಜ ಹಿಡಿದು ಚೌಕ ದಾಟಿದರು. ವಧೂವರರು ಪಶ್ಚಿಮದ ಬಾಗಿಲಿಂದ ಹೊರಬಂದರು.

ಸೋಮವಾರ ಕಲ್ಲುಕುಟಿಗರು ಹಗ್ಗ ಬಿಗಿದು ಎತ್ತುವಾಗ ಕತ್ತು ಕಳಚಿ ಅವರ ಕೈಗೇ ಬಂತು.

ಅಂದು ರಾತ್ರಿ ಊಟಕ್ಕೆ ಕೂತಾಗ ಒದೀಲ್ ಅಪ್ಪನ ಬಟ್ಟಲಿಗೆ ಸೂಪು ಬಡಿಸುತ್ತ, "ಇನ್ಮೇಲೆ ನೀನು ಹೇಳಿದ್ದನ್ನ ಮೊದ್ಲು ಕೇಳಿಸ್ಕೋತೀನಿ. ಆಮೇಲೆ ಬೈತೀನಿ," ಎಂದಳು.

ಮಾವ ಇನ್ನೊಂದು ಸೌಟು ಹಾಕು ಎಂದರು.